ನಾಲ್ಕನೆಯ ಟ್ಯಾಂಕು

ಮೂರು ಟ್ಯಾಂಕುಗಳನ್ನಂತೂ ತೊಳೆದಿದ್ದೇನೆ, ಎಂದುಕೊಂಡ ಅವನು. ನಾಲ್ಕನೆಯದನ್ನು? ಟ್ಯಾಂಕಿನ ಬಾಯಿಗೆ ನೀರಿನ ಪೈಪು ತುರುಕಿದ್ದು ಕೈಗೆ ನೆನಪಿದೆ. ಆದರೆ ಅದು ಇವತ್ತಿನ ನೆನಪೋ, ನಿನ್ನೆಯದೋ?

ಗುಜರಿ ಅಂಗಳಕ್ಕೆ ಬರುವ ಹಳೆಯ ವ್ಯಾನುಗಳ ಪೆಟ್ರೋಲ್ ಟ್ಯಾಂಕುಗಳನ್ನು ತೊಳೆಯುವುದು ಅವನ ಕೆಲಸ. ಅವುಗಳನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸುವುದು ಅವನ ಅಕ್ಕನ ಗಂಡನದು. ಒಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ ಬೆಂಕಿ ತಾಗಿದೊಡನೆ ಟ್ಯಾಂಕು ಸಿಡಿಯುತ್ತದೆ; ಅದಕ್ಕೇ ತೊಳೆದ ಟ್ಯಾಂಕಿನ ಮೇಲೆ ಸೀಮೆಸುಣ್ಣದ ಗೀಟು ಬೀಳಬೇಕು. ಗೀಟಿಲ್ಲದ್ದರ ಹತ್ತಿರ ಭಾವ ಬೆಂಕಿ ತರುವುದಿಲ್ಲ, ಗೀಟಿದ್ದದ್ದನ್ನು ಅನುಮಾನಿಸುವುದಿಲ್ಲ.

ಒದ್ದೆ ತಗಡಿನ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಒಣಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹಾಗಾಗಿ ಕೆಲವು ವಾರಗಳಿಂದ ಮೊದಲು ಎಲ್ಲಕ್ಕೂ ಗೀಟೆಳೆದು, ಗೀಟಿಗೆ ನೀರು ತಾಗದಂತೆ ಆಮೇಲೆ ತೊಳೆಯುತ್ತಿದ್ದ. ಇವತ್ತು ಬೆಳಿಗ್ಗೆ ಅರ್ಧದಲ್ಲಿ ಗುಜರಿ ತೂಗುವವನು ಕೂಗಿ ಕರೆದ. ಹೋಗಿ ಬಂದ. ಬಂದ ಮೇಲೆ ಎಲ್ಲಿಂದ ಶುರುಮಾಡಿದ? ಬಿಸಿಲು ನಾಲ್ಕನ್ನೂ ಒಂದೇ ಸಮನೆ ಒಣಗಿಸಿತ್ತು.

ಭಾವ ಕತ್ತರಿಸುತ್ತಿದ್ದ ಮೂರನೆಯದು ಕೆಂಪು ಅಂಚಿನ ಎರಡು ಹೋಳಾಗಿ ಬಿತ್ತು. ಭಾವ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದರು.

“ಏನೋ, ಗರ ಬಡಿದೋನ ಥರ ನಿಂತಿದೀಯ? ನಿಮ್ಮಕ್ಕ ನಿನ್ನನ್ನ ನನ್ನ ಕಾವಲಿಗೆ ಹಾಕಿದಾಳಾ?”

“ಏನಿಲ್ಲ ಭಾವ.”

“ಏನಿಲ್ಲ ಅನ್ನೋ ಮುಖಾನಾ ಅದು? ಹೋಗು, ನೀರು ಕುಡಿ.”

ಅವನು ನೀರಿಗೆ ಹೋಗದೆ ಅಲ್ಲೇ ನಿಂತ. ಇವತ್ತಿನದನ್ನು ಹೇಳಿದರೆ ಇಷ್ಟು ವಾರಗಳದ್ದನ್ನೂ ಹೇಳಬೇಕು. ಅಷ್ಟೂ ದಿನ ಭಾವ ಎಂಥ ಗೀಟನ್ನು ನಂಬಿ ಟ್ಯಾಂಕಿನ ಮೇಲೆ ಬಗ್ಗಿದ್ದರು ಎಂಬುದನ್ನು ಹೇಳಬೇಕು. ಕೆಲಸ ಕೊಡಿಸಿದವರೇ ಅವರು.

ಭಾವ ಕನ್ನಡಕ ಇಳಿಸಿದರು. ಉರಿ ಹಳದಿಯಿಂದ ನೀಲಿಯಾಯಿತು, ಸೂಜಿಯಷ್ಟು ಸಣ್ಣಗಾಗಿ ಹಿಸ್ಸೆಂದಿತು. ಅದು ನಾಲ್ಕನೆಯ ಟ್ಯಾಂಕಿನ ಕಡೆ ತಿರುಗಿತು. ಅವನು ಥಟ್ಟನೆ ಕುಕ್ಕರಿಸಿ, ಕಾಲ ಬಳಿಯಿದ್ದ, ಕಟರಿಗೆ ಹೋಗುವ ಗ್ಯಾಸಿನ ಪೈಪನ್ನು ಎರಡೂ ಕೈಯಲ್ಲಿ ಮಡಚಿ ಹಿಡಿದ. ಉರಿ ಪಟ್ಟೆಂದು ಆರಿತು.

“ಪೈಪು ಸೋರ್ತಿದೆ ಭಾವ! ವಾಸನೆ ಬಂತು.”

ಭಾವ ಬೈದುಕೊಳ್ಳುತ್ತ ಸಿಲಿಂಡರುಗಳ ಬಾಯಿ ತಿರುಗಿಸಿ ಮುಚ್ಚಿ, ಬೇರೆ ಪೈಪು ತರಲು ಶೆಡ್ಡಿಗೆ ಹೋದರು.

ಅವನು ಟ್ಯಾಂಕಿನ ಮುಚ್ಚಳ ಬಿಚ್ಚಿದ. ಪೆಟ್ರೋಲಿನ ವಾಸನೆ ಮೂಗಿಗೆ ರಪ್ಪೆಂದು ಹೊಡೆಯಿತು. ನೀರು ತುಂಬಿದ, ಚೆಲ್ಲಿದ, ಮತ್ತೆ ತುಂಬಿದ. ವಾಸನೆ ಹೋಗುವವರೆಗೆ ಲೆಕ್ಕವಿಡದೆ ತುಂಬಿದ.

ವಾಪಸ್ಸು ಬಂದ ಭಾವ ತೊಟ್ಟಿಕ್ಕುತ್ತಿದ್ದ ಟ್ಯಾಂಕು ನೋಡಿದರು.

“ತೊಳೆದಿದ್ದನ್ನ ಮತ್ಯಾಕೆ ತೊಳೆದ್ಯೋ?”

“ಸುಮ್ನೆ... ಇನ್ನೊಂದ್ಸಲ ಇರಲಿ ಅಂತ.”

ಭಾವ ನಕ್ಕು ಅವನ ಬೆನ್ನಿಗೆ ಗುದ್ದಿದರು.

ಸಂಜೆ ಮನೆಯಲ್ಲಿ ಅಕ್ಕನಿಗೆ ಅದನ್ನೇ ಹೇಳಿದರು. “ನಿನ್ನ ತಮ್ಮ ಒಂದನ್ನ ಎರಡು ಸಲ ತೊಳೀತಾನೆ ಕಣೇ. ಇನ್ಮೇಲೆ ನಾನು ಕಣ್ಮುಚ್ಕೊಂಡು ಬೆಂಕಿ ಇಡೋದೇ.”

“ನೀನಿದೀಯ ಅಂತಾನೇ ನಂಗೆ ಧೈರ್ಯ ಕಣೋ,” ಎಂದು ಅಕ್ಕ ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಅವನು ತಲೆ ತಗ್ಗಿಸಿ ಉಂಡ. ನಾಲ್ಕನೆಯ ಟ್ಯಾಂಕನ್ನು ಬೆಳಿಗ್ಗೆ ತೊಳೆದಿರಲೇ ಇಲ್ಲ ಎಂದು ಅವನು ಭಾವನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.