ಮೊಣಕೈ ಎತ್ತರ

ಟಕ್, ಟಕ್ — ಹಲ್ಲಿಯಲ್ಲ, ಉಳಿ, ಕೋಣೆಯಾಚೆ ಯಾರೋ ಗೋಡೆ ಕೊರೆಯುತ್ತಿದ್ದಾರೆ, ಮುನಿತಾಯಮ್ಮ ಕಣ್ಣು ತೆರೆಯದೆ ಮಂಚದ ಮೇಲೆ ಮಲಗಿಯೇ ಇದ್ದಾಳೆ, ಎಚ್ಚರವಾಗಿದೆಯೆಂದು ಗೊತ್ತಾದರೆ ಮಾತು ನಿಲ್ಲಿಸಿಬಿಡುತ್ತಾರೆ, ಮೆಲ್ಲಗೆ ಜಂಬಣ್ಣ, ಅತ್ತೆ ಮಲಗವ್ರೆ, ಅದು ಸೊಸೆ ಲಕ್ಷ್ಮಿದೇವಮ್ಮನ ದನಿ, ಗೋಡೆಗೆ ಮೆಲ್ಲಗೆ ಅಂದ್ರೆ ಕೇಳ್ತದಾ ತಾಯಿ, ಇದು ಮೇಸ್ತ್ರಿಯದು, ಹಾಗಾದರೆ ತನಗೆ ತಿಳಿಯಬಾರದ ಕೆಲಸವೇ. ಮೊನ್ನೆ ಸೆರಗಿಗೆ ಏನೋ ಅಂಟಿದೆ ನಿಂತ್ಕೊಳ್ಳಿ ಅತ್ತೆ ಎಂದವಳ ಕೈಯಲ್ಲಿ ದಾರವಿತ್ತು, ಮೊಣಕೈಯಿಂದ ಹಿಮ್ಮಡಿಯವರೆಗೆ ಸರಕ್ಕನೆ ಇಳಿಸಿ ಗಂಟು ಹಾಕಿಕೊಂಡಳು, ಅಂಟಿದ್ದೇನೂ ಕಾಣಲಿಲ್ಲ, ಹೂಳುವ ಗುಂಡಿಗೆ ಅಳತೆಯೋ, ಇಷ್ಟು ಗಿಡ್ಡ ಗುಂಡಿ ಯಾರಿಗೆ, ಮಡಚಿ ಹಾಕುತ್ತಾರೇನೋ — ಈ ಮನೆಗೆ ಪಾಯ ಹಾಕುವಾಗ ದಾರ ಹಿಡಿದವನೂ ಇದೇ ಜಂಬಣ್ಣ, ಆಯ ಕೂಡಿಸ್ಬೇಕು, ಮನೆ ಅಳತೆ ಶುಭಕ್ಕೆ ಬರ್ಬೇಕು, ಮನೆಯೊಡತಿ ಪಾದದ ಅಳತೆ ಕೊಡಿ ಎಂದ, ಅವಳು ಕಾಲು ಮುಂದಿಟ್ಟಿದ್ದಳು, ಮಗ ಹನುಮಂತಯ್ಯ ನೀನು ಕೂತ್ಕೊಳವ್ವಾ ನಿಂಗ್ಯಾಕೆ ತೊಂದ್ರೆ ಎಂದ, ದಾರ ಸೊಸೆಯ ಪಾದಕ್ಕೆ ಬಿತ್ತು, ಕೋಣೆ ಬಾಗಿಲು ಪಡಸಾಲೆ ಎಲ್ಲ ಆ ಪಾದದ ಲೆಕ್ಕದಲ್ಲೇ ಎದ್ದವು, ಅದಕ್ಕೇ ರಾಜಾಜಿನಗರದ ಈ ಹೊಸ ಮನೆಯಲ್ಲಿ ಸೊಸೆ ಒಂದು ಸಲವೂ ಎಡವಿಲ್ಲ. ಸುಂಕದಕಟ್ಟೆಯ ಹಳೇ ಮನೆಯ ಸೆಗಣಿ ಸಾರಿಸಿದ ನೆಲ ಅಂಗಾಲನ್ನು ಹಿಡಿದುಕೊಳ್ಳುತ್ತಿತ್ತು, ಇಲ್ಲಿ ಕೆಂಪು ಗಾರೆ, ಮುಖ ಕಾಣುವವರೆಗೆ ತಿಕ್ಕುತ್ತಾಳೆ, ಯಾಕೆ ತಿಕ್ಕುತ್ತಾಳೆ, ಯಾರು ಜಾರಲೆಂದು ತಿಕ್ಕುತ್ತಾಳೆ, ಬೀದಿ ಬಾಗಿಲಿಗೆ ಅಷ್ಟೆತ್ತರದ ಮೆಟ್ಟಿಲು, ಚರಂಡಿ ನೀರು ನುಗ್ಗದಿರಲೆಂದರು, ನೀರೂ ನುಗ್ಗುವುದಿಲ್ಲ, ತಾನೂ ಇಳಿಯುವಂತಿಲ್ಲ. ಇಳಿದರೆ ಎದುರು ಸಾಲಿನಲ್ಲಿ ಗೆಳತಿ ಅಕ್ಕಯ್ಯಮ್ಮನ ಜಗಲಿ, ಎಲೆಯಡಿಕೆ, ಇಳಿಬಿಸಿಲು, ಮಂಡಿಗೆ ಆ ಬಿಸಿಲು ತಾಕಿದ ದಿನ ನಿದ್ದೆ ಬರುತ್ತದೆ, ಒಳಗೇ ಉಳಿದ ದಿನ ಮೂಳೆಯೊಳಗೆ ತಣ್ಣನೆಯ ಸೆಳೆತ, ಹೊತ್ತು ಹೋಗುವುದಿಲ್ಲ, ಅನ್ನ ಸೇರುವುದಿಲ್ಲ. ಈಚೆಗೆ ಒಂದೊಂದು ಮೆಟ್ಟಿಲಿನ ಮೇಲೂ ಕೂತು ಜಾರಿ ಇಳಿಯುತ್ತಾಳೆ, ಸೊಸೆ ಕಿಟಕಿಯಿಂದ ನೋಡಿದಳು, ನೋಡಿ ಗಂಡನ ಕಿವಿಗೆ ಹಾಕಿದಳು, ಇಲ್ಲದಿದ್ದರೆ ಊಟಕ್ಕೆ ಕೂತ ಮಗ ಅಕ್ಕಯ್ಯಮ್ಮನ್ನೇ ಇಲ್ಲಿಗೆ ಕರೆಸ್ತೀನಿ ಬಿಡವ್ವಾ ಎಂದು ಏಕೆ ಹೇಳುತ್ತಿದ್ದ, ಅಕ್ಕಯ್ಯಮ್ಮನೋ, ನಿನ್ ಮಗನ ಮೆಟ್ಲು ಹತ್ತೋಕೆ ನಾನೇನ್ ಮೇಕೇನೇ ಎಂದು ನಕ್ಕವಳು.

ಉಳಿ ನಿಂತಿತು. ಹಸಿ ಸಿಮೆಂಟಿನ ವಾಸನೆ. ಇನ್ನು ಮಲಗಿರಲಾರಳು, ಗೋಡೆ ಹಿಡಿದು ಎದ್ದಳು, ಬಾಗಿಲಲ್ಲಿ ಸೊಸೆ ನಗುತ್ತಿದ್ದಾಳೆ, ಎದ್ಬಿಟ್ರಾ, ಎಲ್ಲಾ ಮುಗಿದ ಮೇಲೆ ತೋರ್ಸೋಣ ಅಂತಿದ್ವಿ, ಹಿಡ್ಕೊಂಡು ನೋಡಿ, ನಿಮ್ ಮಗನೇ ಪೈಪು ತಂದಿಟ್ಟು ಕೆಲಸಕ್ಕೋದ್ರು — ಗೋಡೆಯುದ್ದಕ್ಕೂ ಕಬ್ಬಿಣದ ಕೊಳವೆ, ಕೈ ಇಟ್ಟಳು, ಮೊಣಕೈ ತಾನಾಗಿ ಮಡಚಿ ಕೂತಿತು, ಭುಜ ಹಗುರವಾಯಿತು, ಓ ಆ ದಾರ ಇದಕ್ಕೇ, ಈ ಮನೆಯಲ್ಲಿ ತನ್ನ ಅಳತೆಗೆ ಎದ್ದದ್ದು ಇದೊಂದೇ, ಸೊಸೆಯ ಮುಖವನ್ನು ಹೇಗೆ ನೋಡುವುದು, ಹೆಜ್ಜೆ ಹಾಕಿದಳು, ಮಂಡಿ ನೋಯಲಿಲ್ಲ, ಅಂಗೈ ಸರಿಯುತ್ತಾ ಹೋಯಿತು, ಮುಂದೆ, ಇನ್ನೂ ಮುಂದೆ, ಬಚ್ಚಲ ಬಾಗಿಲು, ಅಲ್ಲಿ ಕೊಳವೆ ಗೋಡೆಯೊಳಗೆ ಹೊಕ್ಕು ಮುಗಿಯಿತು. ತಿರುಗಿ ನೋಡಿದಳು, ಬೀದಿ ಬಾಗಿಲ ಕಡೆಯ ಗೋಡೆ ಬೋಳು, ಸುಣ್ಣ ಬಿಟ್ಟರೆ ಏನಿಲ್ಲ. ಆ ಕಡೆಗೆ ಯಾವಾಗ ಹಾಕ್ತೀಯ ಜಂಬಣ್ಣ. ಆ ಕಡೆಗಾ, ಅವನು ಸೊಸೆಯ ಮುಖ ನೋಡಿದ, ಆ ಕಡೆಗೆ ಹೇಳಿಲ್ವಲ್ಲಾ ಅಮ್ಮಾ. ಮೆಟ್ಲು ನಿಮಗ್ಯಾಕೆ ಅತ್ತೆ ಇನ್ಮೇಲೆ, ಬಿದ್ರೆ ಏನ್ ಗತಿ, ದನಿಯಲ್ಲಿ ಕಪಟವಿಲ್ಲ, ಹುಡುಕಿದಳು, ಇಲ್ಲ, ಪ್ರೀತಿಯೇ ಇದೆ, ಅದೇ ಹೆದರಿಕೆ — ಮಂಚದಿಂದ ಬಚ್ಚಲು, ಬಚ್ಚಲಿಂದ ಮಂಚ, ಪ್ರೀತಿಯಿಂದ ಅಳೆದಿದ್ದಾರೆ, ಗಂಟು ಹಾಕಿದ್ದಾರೆ, ಕೈ ಮತ್ತೆ ಸರಿದು ಮತ್ತೆ ಅಲ್ಲಿಗೇ ಬಂತು, ಕೊಳವೆಯ ತುದಿ, ಸುತ್ತ ಹಸಿ ಸಿಮೆಂಟು, ಕಿತ್ತರೆ ಈಗಲೇ ಬರುತ್ತದೆ, ಸಂಜೆಗೆ ಒಣಗುತ್ತದೆ, ಕೊಳವೆಯ ತುದಿ, ಹಸಿ ಸಿಮೆಂಟು, ಕೊಳವೆಯ ತುದಿ