ಮೂರು ಹಲ್ಲಿನ ಫರಕು

ಪಾಲಯ್ಯನಿಗೆ ಬುದ್ಧಿ ಇರಲಿಲ್ಲ ಎಂದಲ್ಲ. ಇದ್ದ ಬುದ್ಧಿಯನ್ನು ನಾಲ್ಕು ಜನರೆದುರು ಮೆರೆಸುವ ಚಟವಿತ್ತು, ಅಷ್ಟೇ. ಸಿರುಗುಪ್ಪದಿಂದ ಬಳ್ಳಾರಿಗೆ ಹಳೆಯ ಫೋರ್ಡ್ ಕಾರಿನಲ್ಲಿ ಬಾಡಿಗೆ ಹೊಡೆಯುವವನು. ಐವತ್ತೊಂದನೆಯ ಇಸವಿಯಲ್ಲಿ ಅದರ ಹಿಂದಿನ ಆಕ್ಸಲ್ ಮುರಿದಾಗ ಕೌಲ್ ಬಜಾರಿನ ಗುಜರಿಯಲ್ಲಿ ಅವನಿಗೊಂದು ವಿಚಿತ್ರ ಆಕ್ಸಲ್ ಸಿಕ್ಕಿತು. ಎರಡು ಕಡೆಯ ತೋಳು ಫೋರ್ಡಿನದೇ, ನಡುವೆ ಮಾತ್ರ ಅಲ್ಯೂಮಿನಿಯಂ ಡಬ್ಬಿ, ಅದರ ಬೆನ್ನಿಗೊಂದು ಮುಚ್ಚಳ. ಮದರಾಸಿನಲ್ಲಿ ರೇಸಿನ ಹುಚ್ಚಿದ್ದ ಯಾರೋ ದೊರೆ ಅಮೆರಿಕದಿಂದ ತರಿಸಿದ್ದಂತೆ. ಗುಜರಿಯವನು ಕೆಟ್ಟ ಮಾಲೆಂದು ಮೂಲೆಗೆ ಒಗೆದಿದ್ದ. ಪಾಲಯ್ಯ ಗಾಲಿಯ ಕಡೆ ಒಂದು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತುತ್ತದೆಂದು ಎಣಿಸಿದ. ಮುಚ್ಚಳ ಬಿಚ್ಚಿ, ಒಳಗಿದ್ದ ಎರಡು ಹಲ್ಲುಚಕ್ರಗಳನ್ನು ಅದಲುಬದಲು ಮಾಡಿ ಮತ್ತೆ ಎಣಿಸಿದರೆ ಲೆಕ್ಕ ಬೇರೆ! ಇಪ್ಪತ್ತು ಹಲ್ಲಿನದು ಕೆಳಗಿದ್ದರೆ ಏರಿನಲ್ಲಿ ಎಳೆತ, ಇಪ್ಪತ್ಮೂರರದು ಕೆಳಗಿದ್ದರೆ ಬಯಲಿನಲ್ಲಿ ಓಟ. ಆವತ್ತು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹನ್ನೊಂದು ಮಂದಿಯನ್ನು ತುರುಕಿಕೊಂಡು ಹೋಗುವ ಗಾಡಿ, ಆಕ್ಸಲ್ ಕೂರಿಸಿ ಚಕ್ರಗಳನ್ನು ಎಳೆತಕ್ಕೇ ಇಟ್ಟಿದ್ದ. ಅಮಾವಾಸ್ಯೆ ಬಂತು. ಉಳಿದವರು ಗಾಡಿಯ ಮುಂದೆ ಕಾಯಿ ಒಡೆದು ಸುಮ್ಮನಾಗುತ್ತಾರೆ. ಇವನಿಗೆ ಅದು ಸಾಲದು. ಆ ಎರಡು ಹಲ್ಲುಚಕ್ರಗಳನ್ನೇ ಬಿಚ್ಚಿ ಮಣೆಯ ಮೇಲಿಟ್ಟು ಪೂಜೆಗೆ ಓಣಿಯವರನ್ನೆಲ್ಲ ಕರೆದ. ಹೆಂಡತಿ ಜಂಬಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಯಾವುದು ಕೆಳಗಿನದೆಂದು ಅವನು ಸುಣ್ಣದಲ್ಲಿ ಹಾಕಿದ್ದ ಗುರುತೂ ತೊಳೆದುಹೋಯಿತು. ಮೇಲೆ ಅರಿಶಿಣ, ಕುಂಕುಮ ಬೇರೆ. ಮೂರೇ ಹಲ್ಲಿನ ಫರಕು, ನೋಡಲು ಎರಡೂ ಒಂದೇ. ಏರಿಸಿದ ಕುಂಕುಮ ಒರೆಸಿ ಹಲ್ಲು ಎಣಿಸುವುದುಂಟೆ? ಹಾಗೆಯೇ ಕೂಡಿಸಿದ. ಮರುದಿನ ಬರಿ ಬಯಲಿನಲ್ಲಿ ಗಾಡಿ ಹಾರಿತು. "ಪೂಜಿ ಫಲ ನೋಡ್ರಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಏರಿನಲ್ಲಿ ಏದುಸಿರು ಬಿಟ್ಟರೆ ಪೆಟ್ರೋಲು ಕಲಬೆರಕೆ ಎಂದು ಬೈದ. ತಾನೇ ತಿರುವುಮುರುವು ಹಾಕಿರಬಹುದೆಂಬುದು ಮಾತ್ರ ಆ ಜಾಣನ ತಲೆಗೆ ಬರಲಿಲ್ಲ.

ಪೂಜೆಯಾದ ಒಂಬತ್ತನೆಯ ದಿನ ಐದು ವರ್ಷದ ಮಗಳು ಪಾರಮ್ಮನಿಗೆ ಗಂಟಲಮಾರಿ. ಒಂದೊಂದು ಉಸಿರಿಗೂ ಕೊರಳಿನಿಂದ ಸೀಟಿ ಊದಿದಂಥ ಸದ್ದು. ಸಿರುಗುಪ್ಪದ ಡಾಕ್ಟರು ಬಾಯಿ ತೆರೆಸಿ ನೋಡಿ, "ಈಗಿಂದೀಗ ಬಳ್ಳಾರಿಗೆ ಒಯ್ಯಿ. ಗಂಟಲು ಕೊಯ್ದು ಕೊಳವೆ ಹಾಕಬೇಕು. ಮಧ್ಯಾಹ್ನದ ತನಕ ತಡೆಯೋದು ಕಷ್ಟ" ಎಂದರು.

ಕೂಸನ್ನು ಮಡಿಲಲ್ಲಿಟ್ಟುಕೊಂಡು ಜಂಬಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಕುರುಗೋಡಿನ ತನಕ ದಾರಿ ಸರಾಗವಾಗಿ ಸಾಗಿತು. ಊರು ದಾಟಿ ಹಳ್ಳಕ್ಕೆ ಇಳಿದು ಆಚೆ ದಡ ಹತ್ತುವಾಗ ಗಾಡಿ ಎರೆಮಣ್ಣಿನ ಕೆಸರಿನಲ್ಲಿ ಕೂತಿತು. ಒಂದನೇ ಗೇರಿಗೆ ಹಾಕಿದ. ಎಂಜಿನ್ ನಡುಗಿ ನಿಂತಿತು. ಮತ್ತೆ ಹಾಕಿದ, ಮತ್ತೆ ನಿಂತಿತು. ಮೂರನೆಯ ಸಲ ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆಗ ಹೊಳೆಯಿತು.

"ಜಂಬಿ, ಚಕ್ರ ಉಲ್ಟಾ ಹಾಕೀನಿ. ನಾನೇ ಹಾಕೀನಿ."

"ಊರಾಗ ಹೋಗಿ ಯಾರ್ದಾರ ಎತ್ತು ಕರ್ಕೊಂಡು ಬರ್ಲೇನ್ರಿ?"

"ಎತ್ತು ಬರೋ ತನಕ ಕೂಸು ತಡಿಯಂಗಿಲ್ಲ."

ಕೆಸರಿನಲ್ಲಿ ಅಂಗಾತ ಮಲಗಿ ಮುಚ್ಚಳ ಬಿಚ್ಚಿದ. ಕಾದ ಎಣ್ಣೆ ಮೊಳಕೈ ಸುಡುತ್ತ ಇಳಿದು ಅಷ್ಟೂ ಕೆಸರು ಪಾಲಾಯಿತು. ಕೆಳಗಿನ ಚಕ್ರದ ಹಲ್ಲು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ಎಣ್ಣೆಗೆ ಬೆರಳು ಜಾರಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಇಪ್ಪತ್ಮೂರು. ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತ, ಅಳುತ್ತಲೇ ಅದಲುಬದಲು ಮಾಡಿದ. ತುಂಬಲು ಎಣ್ಣೆಯಿರಲಿಲ್ಲ. ಕೂಸಿನ ಎದೆಗೆ ತಿಕ್ಕಲು ತಂದಿದ್ದ ಹರಳೆಣ್ಣೆಯ ಸೀಸೆಯನ್ನು ಜಂಬಮ್ಮ ಕೇಳುವ ಮೊದಲೇ ಚಾಚಿದಳು. ಬೇಕಾದದ್ದರಲ್ಲಿ ಕಾಲು ಪಾಲೂ ಅಲ್ಲ. ಇದ್ದಷ್ಟು ಸುರಿದು ಮುಚ್ಚಳ ಬಿಗಿದ.

ಗಾಡಿ ದಡ ಹತ್ತಿತು. ಕೊಳಗಲ್ಲು ಬರುವಷ್ಟರಲ್ಲಿ ಹಿಂದಿನಿಂದ ಕಬ್ಬಿಣ ಕಿರುಚತೊಡಗಿತು. ನಿಲ್ಲಿಸಿ ಆರಲು ಬಿಟ್ಟರೆ ಚಕ್ರ ಉಳಿದೀತು, ಮಗಳು ಉಳಿಯಳು. ಓಡಿಸಿದರೆ ಚಕ್ರದ ಹಲ್ಲು ಕಾದು ಒಂದಕ್ಕೊಂದು ಕಚ್ಚಿ ಗಾಡಿ ನಡುದಾರಿಯಲ್ಲೇ ನಿಲ್ಲಬಹುದು. ಓಡಿಸಿದ. ಆ ಕಿರುಚಾಟದಲ್ಲಿ ಕೂಸಿನ ಸೀಟಿ ಕೇಳುತ್ತಿರಲಿಲ್ಲ.

"ಉಸುರೈತೇನ?"

"ಐತಿ. ಹೊಡೀರಿ."

ಫರ್ಲಾಂಗಿಗೊಮ್ಮೆ ಕೇಳಿದ. ಪ್ರತಿ ಸಲವೂ ಹಿಂದಿನಿಂದ ಅದೇ ಮಾತು. ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಬಳಿ ಹಲ್ಲು ಕಚ್ಚಿ ಗಾಡಿ ಗಕ್ಕನೆ ನಿಂತಿತು. ಓಡಿ ಬಂದ ಡಾಕ್ಟರು ಕೂಸಿನ ಮೂಗಿಗೆ ಕೈ ಹಿಡಿದು, "ಉಸಿರಿಲ್ಲ, ನಾಡಿ ಇದೆ" ಎಂದು ಎತ್ತಿಕೊಂಡು ಒಳಗೆ ನುಗ್ಗಿದರು. ಬಾಗಿಲು ಮುಚ್ಚಿತು.

ಪಾಲಯ್ಯ ಹೆಂಡತಿಯ ತೋಳು ಹಿಡಿದು ಅಲುಗಿಸಿದ. "ಐತಿ ಅಂದೆಲ್ಲ! ಐತಿ ಐತಿ ಅಂದೆಲ್ಲ!"

"ಕೊಳಗಲ್ಲು ದಾಟಿದ ಮ್ಯಾಲ ನನಗೂ ಕೇಳ್ಲಿಲ್ರಿ. ಮೂಗಿಗೆ ಕೈ ಹಿಡಿಯಾಕ ಅಂಜಿಕಿ ಬಂತು. ಇಲ್ಲ ಅಂದ್ರ ನೀವು ಗಾಡಿ ನಿಲ್ಲಿಸಿಬಿಡ್ತೀರಿ ಅಂತ ಐತಿ ಅಂದೆ."

ಅವನು ತೋಳು ಬಿಟ್ಟ. ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಎಷ್ಟು ಹೊತ್ತೋ ತಿಳಿಯದು. ಕಡೆಗೆ ನರ್ಸಮ್ಮ ಬಾಗಿಲು ತೆರೆದು ಒಬ್ಬರೇ ಬನ್ನಿ ಎಂದಳು. ಪಾಲಯ್ಯ ಹೆಂಡತಿಯನ್ನು ಮುಂದೆ ಕಳಿಸಿದ. ಜಂಬಮ್ಮ ಹೋದಳು. ಬಾಗಿಲ ಸಂದಿಯಿಂದ ಅವನಿಗೆ ಕಂಡಿತು: ಮಗಳ ಕೊರಳಿಗೆ ಕೊಳವೆ, ಅವಳ ಎದೆಯ ಮೇಲೆ ಬಾಗಿ ಕಿವಿಯಿಟ್ಟ ತಾಯಿ.

"ಜಂಬಿ," ಎಂದ, ಅಷ್ಟೇ.

ಅವಳು ಕಿವಿ ಎತ್ತದೆಯೇ ಹೇಳಿದಳು. "ಐತ್ರಿ. ಈಗ ಖರೇನ ಐತಿ."