ಗುರುಲಿಂಗಮ್ಮ ಕಂಡ ಎಡಗೈ ದೇವರು

ಕೊಪ್ಪಳಕ್ಕೆ ಟೆಂಟ್ ಸಿನಿಮಾ ಬಂದ ವರ್ಷ ಗುರುಲಿಂಗಮ್ಮನಷ್ಟು ಹೌಹಾರಿದವರು ಊರಲ್ಲಿ ಮತ್ತೊಬ್ಬರಿರಲಿಲ್ಲ. ಹಾಗಂತ ಆಕೆ ಸಿನಿಮಾ ಬಿಟ್ಟವಳೂ ಅಲ್ಲ. ಹೊಸ ಚಿತ್ರ ಬಂದರೆ ನೋಡಲೇಬೇಕು, ನೋಡಿ ಬೆಚ್ಚಲೇಬೇಕು, ಮರುದಿನ ಮಗನ ಮೆಣಸಿನಕಾಯಿ ಅಂಗಡಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ತೀರ್ಪು ಹೇಳಲೇಬೇಕು. ಗಂಡ ಕರಿಬಸಪ್ಪ ಬದುಕಿದ್ದಾಗ ವ್ಯಾಪಾರದ ಬಗ್ಗೆ ತೀರ್ಪು ಕೊಡುತ್ತಿದ್ದಳು. ಅವನು ಲಿಂಗೈಕ್ಯನಾಗಿ, ತಾನು ಬಿಳಿ ಸೀರೆ ಉಟ್ಟ ಮೇಲೆ ಆ ಬಾಯಿಗೆ ಬೇರೆ ಕೆಲಸ ಬೇಕಿತ್ತು.

ಎರಡನೇ ಮಹಾಯುದ್ಧದ ಕಾಲ. ಮನೆಗೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಿನಿಮಾ ನಡೆಸುವ ಮರ್ದಾನಸಾಬನ ಟೆಂಟಿನಲ್ಲಿ ಮಾತ್ರ ಝಗಝಗ ಬೆಳಕು. ಗಂಡಸರ ಕಣ್ಣಿಗೆ ಹೆಂಗಸರು ಬೀಳಬಾರದೆಂದು ಊರ ಹಿರಿಯರು ಹಟ ಹಿಡಿದದ್ದರಿಂದ ಅವನು ಪರದೆಯನ್ನು ಟೆಂಟಿನ ನಟ್ಟನಡುವೆ ಕಟ್ಟಿಸಿದ್ದ. ಆಚೆ ಕಡೆ ಯಂತ್ರ ಮತ್ತು ಗಂಡಸರು, ಈಚೆ ಕಡೆ, ಅಂದರೆ ಪರದೆಯ ಬೆನ್ನಿಗೆ, ಹೆಂಗಸರು. ಆಟ ಶುರುವಾಗುವ ಮೊದಲು ಆಳು ಬಂದು ಆ ತೆಳ್ಳನೆ ಬಟ್ಟೆಗೆ ನೀರೆರಚಿ ನೆನೆಸುತ್ತಿದ್ದ. ನೆಂದ ಬಟ್ಟೆಯಲ್ಲಿ ಹಾಯ್ದು ಚಿತ್ರ ಈಚೆಗೂ ಚೆನ್ನಾಗಿ ಕಾಣುತ್ತಿತ್ತು.

ಆಗ ಗುರುಲಿಂಗಮ್ಮನ ಮನೆಯಲ್ಲಿ ಒಂದು ಸಂಕಟ ನಡೆದಿತ್ತು. ಮಗ ಉಮಾಪತಿಗೆಂದು ಕುಷ್ಟಗಿಯಿಂದ ತಂದ ಸೊಸೆ ವಿರೂಪಾಕ್ಷಮ್ಮ ಎಡಚಿ. ರೊಟ್ಟಿ ಬಡಿಯುವುದು ಎಡಗೈ, ಕಸ ಗುಡಿಸುವುದು ಎಡಗೈ, ಮೈಮರೆತರೆ ಬಡಿಸುವುದೂ ಎಡಗೈ. ಎಡಗೈಯಿಂದ ಗಂಗಾಳಕ್ಕೆ ಅನ್ನ ಬಿದ್ದರೆ ಗುರುಲಿಂಗಮ್ಮ ಊಟ ಬಿಟ್ಟು ಏಳುತ್ತಿದ್ದಳು. ಕೊನೆಗೆ ಹಳೆ ಸೀರೆಯ ಅಂಚು ಹರಿದು, ಬೆಳಿಗ್ಗೆ ಅಡುಗೆಮನೆಗೆ ಕಾಲಿಡುವ ಮುಂಚೆಯೇ ಸೊಸೆಯ ಎಡಗೈಯನ್ನು ನಡುವಿಗೆ ಬಿಗಿದು ಕಟ್ಟತೊಡಗಿದಳು. ಒಂದೇ ಕೈಯಲ್ಲಿ ಹುಡುಗಿ ಸಾರು ಚೆಲ್ಲುವುದು, ಚೆಲ್ಲಿದ್ದಕ್ಕೆ ಅತ್ತೆ ಬೈಯುವುದು ದಿನದ ಕಥೆಯಾಯಿತು.

"ಯುಗಾದಿ ತನಕ ನೋಡ್ತೀನಿ. ಕೈ ತಿದ್ದಲಿಲ್ಲಂದ್ರ ಗಾಡಿ ಕಟ್ಟಿಸಿ ಕುಷ್ಟಗಿಗೆ ಕಳಸ್ತೀನಿ. ಮತ್ತ ಕರೆಯಾಕ ಬರಂಗಿಲ್ಲ," ಎಂದಳು ಒಂದು ದಿನ. ಉಮಾಪತಿ ತಲೆ ತಗ್ಗಿಸಿ ರೊಟ್ಟಿ ಮುರಿದ. ಅವ್ವನ ಎದುರು ಅವನ ನಾಲಿಗೆ ಎಂದೂ ಹೊರಳಿದ್ದಿಲ್ಲ.

ಅದೇ ವಾರ ಆಕೆ ನೆರೆಮನೆಯ ಮೆಹಬೂಬಬೀಯನ್ನು ಜೊತೆ ಮಾಡಿಕೊಂಡು ಮೊದಲ ಸಲ ಟೆಂಟಿಗೆ ಹೋದಳು. ದೇವರ ಚಿತ್ರ. ಮೋಡದ ಮೇಲೆ ನಿಂತ ದೇವರು ಭಕ್ತನನ್ನು ಹರಸಲು ಕೈ ಎತ್ತಿದ. ಎತ್ತಿದ್ದು ಎಡಗೈ! ಗುರುಲಿಂಗಮ್ಮ ಪಕ್ಕದವಳ ತೋಳು ಹಿಡಿದೆಳೆದಳು.

"ಮೆಹಬೂಬಬೀ, ಎಡಗೈ! ದೇವರು ಎಡಗೈ ಎತ್ಯಾನ!"

"ಹೌದಲ್ಲಕ್ಕಾ! ಅಲ್ಲಿ ನೋಡು, ರಾಜಾನೂ ಎಡಗೈಲೇ ಉಣ್ಣಾಕತ್ಯಾನ!"

ಗುರುಲಿಂಗಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡಳು, ಸೆರಗಿನ ಸಂದಿಯಿಂದ ನೋಡಿದಳು. ಕತ್ತಿ ಹಿಡಿದದ್ದು ಎಡಗೈ, ದಾನ ಕೊಟ್ಟದ್ದು ಎಡಗೈ. ಇವರೇನು ಹೇಸಿ ಜನವೇ ಎಂದುಕೊಂಡರೆ ಅದೂ ಅಲ್ಲ. ರಾಣಿ, ದಾಸಿ, ಎಲ್ಲರೂ ಬಲ ಹೆಗಲ ಮೇಲೆ ಸೆರಗು ಹೊತ್ತಿದ್ದರು, ಥೇಟ್ ನಮ್ಮ ಕಡೆಯ ಮರ್ಯಾದಸ್ಥ ಹೆಂಗಸರ ಹಾಗೆ. ಆ ಸೆರಗೇ ಗುರುಲಿಂಗಮ್ಮನನ್ನು ನಂಬಿಸಿಬಿಟ್ಟಿತು. ಸೆರಗು ಸರಿಯಾಗಿ ಹೊದ್ದವರು ಕೈ ತಪ್ಪಾಗಿ ಎತ್ತುತ್ತಾರೆಯೇ? ಆಕೆಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಸೊಸೆಯ ಕೈಯ ಕಟ್ಟು ಬಿಚ್ಚಿದಳು. "ದೇವರಿಗೆ ಇಲ್ಲದ ಮೈಲಿಗಿ ನಮಗ್ಯಾಕ? ನಿನಗ ಹೆಂಗ ಬರತೈತಿ ಹಂಗ ಮಾಡು," ಎಂದಳು. ವಿರೂಪಾಕ್ಷಮ್ಮ ಕಣ್ಣೆತ್ತದೆ ಹಿಟ್ಟು ನಾದತೊಡಗಿದಳು. ಮಧ್ಯಾಹ್ನದ ರೊಟ್ಟಿ ಮಾತ್ರ ತೆಳ್ಳಗೆ, ದುಂಡಗೆ, ಅಂಚು ಒಡೆಯದೆ ಬಂದವು. ಅತ್ತೆ ಓಣಿಗೆಲ್ಲ ಕೇಳುವಂತೆ ಸಾರಿದಳು: ದೊಡ್ಡವರೆಲ್ಲ ಎಡಗೈಯವರು, ನನ್ನ ಸೊಸಿನೂ ಹಂಗ! ಆ ಬಾಯಿಗೆ ಎದುರಾಡುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಬಂದ ಚಿತ್ರಗಳನ್ನೆಲ್ಲ ನೋಡಿದಳು. ಕುದುರೆ ಏರಿ ಚಾವಟಿ ಬೀಸುವ ಹೆಂಗಸಿನ ಚಿತ್ರ ಬಂದಾಗ ಈಚೆ ಕಡೆಯ ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಗುರುಲಿಂಗಮ್ಮನ ತೀರ್ಪು ಬೇರೆ. "ಆಕಿ ಕುದುರಿ ಏರಲಿ, ಗಂಡಸರ್ನ ಬಡೀಲಿ, ನಂದೇನೂ ತಕರಾರಿಲ್ಲ. ತಲಿ ಬಾಚ್ಕೊಂಡು ಹೋಗಬೇಕಿತ್ತು, ಅಷ್ಟ." ಅತ್ತೆ ಕಾಡಿ ಸೊಸೆ ಅಳುವ ಚಿತ್ರ ಆಕೆಗೆ ಒಂಚೂರೂ ಹಿಡಿಸಲಿಲ್ಲ. "ಅಳೂದು ನೋಡಾಕ ರೊಕ್ಕ ಯಾಕ ಕೊಡಬೇಕು? ಮನ್ಯಾಗ ಪುಕ್ಕಟ ಸಿಗತೈತಿ," ಎಂದು ಕಟ್ಟೆಯ ಮೇಲೆ ನಕ್ಕಳು. ಒಳಗೆ ವಿರೂಪಾಕ್ಷಮ್ಮ ಕೇಳಿಸಿಕೊಂಡಳು. ಯುಗಾದಿ ಬಂತು, ಹೋಯಿತು. ಗಾಡಿಯ ಮಾತು ಯಾರೂ ಎತ್ತಲಿಲ್ಲ.

ಬೇಸಿಗೆಯಲ್ಲಿ ದೆವ್ವದ ಚಿತ್ರ ಬಂತು. ದಾರಿಹೋಕನೊಬ್ಬ ಪಾಳುಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಬಿಳಿ ಸೀರೆಯ ಚೆಲುವೆ ಬಂದು ಊಟಕ್ಕೆ ಕೂರಿಸುತ್ತಾಳೆ, ಕೈ ಚಾಚಿ ಬಡಿಸುತ್ತಾಳೆ. ಅಷ್ಟಕ್ಕೇ ಆಚೆ ಕಡೆ ಗಂಡಸರು "ಅಯ್ಯಯ್ಯೋ" ಎಂದು ಕೂಗಿದರು, ಬೆಂಚೊಂದು ಉರುಳಿದ ಸದ್ದಾಯಿತು. ಈಚೆ ಹೆಂಗಸರು ಮುಖ ಮುಖ ನೋಡಿಕೊಂಡರು. ಬಡಿಸಿದ್ದಕ್ಕೆ ಕೂಗುವುದೇ? ಗಂಡಸರ ಎದೆ ಇಷ್ಟೇ ಎಂದಳು ಗುರುಲಿಂಗಮ್ಮ.

ಮನೆಗೆ ಬಂದು ಊಟಕ್ಕೆ ಕೂತಾಗ, ಆಚೆ ಕಡೆ ಕೂತು ಚಿತ್ರ ನೋಡಿದ್ದ ಉಮಾಪತಿ ಇನ್ನೂ ಬೆವರುತ್ತಿದ್ದ. "ಅವ್ವ, ಆಕಿ ಎಡಗೈ ಚಾಚಿ ಬಡಿಸಿದಕೂಡಲೇ ಗೊತ್ತಾತು ನೋಡು, ಆಕಿ ಮನಷ್ಯಾಳಲ್ಲ ಅಂತ."

"ಏನ್ ಮಾತಾಡ್ತಿ? ಎಲ್ಲಾರೂ ಎಡಗೈಯವರು. ಅಷ್ಟು ಮಂದ್ಯಾಗ ಬಲಗೈಲೆ ಬಡಿಸಿದಾಕಿ ಆಕಿ ಒಬ್ಬಾಕಿ!"

"ನಿನಗ ಕಣ್ಣು ಮಂಜಾಗ್ಯಾವ, ಅವ್ವ."

ಒಲೆಯ ಮುಂದೆ ವಿರೂಪಾಕ್ಷಮ್ಮನ ಕೈಯಿಂದ ಸೌಟು ಜಾರಿತು. ಅದನ್ನು ಯಾರೂ ಗಮನಿಸಲಿಲ್ಲ. ಗುರುಲಿಂಗಮ್ಮನಿಗೆ ಮೈಯೆಲ್ಲ ಉರಿದಿತ್ತು. ತನ್ನ ಕಣ್ಣಿಗೆ ಮಂಜಂತೆ! ಮರುದಿನವೂ ಟೆಂಟಿಗೆ ಹೋದಳು. ತನ್ನ ಹಿಂದೆಯೇ ಉಮಾಪತಿಯನ್ನೂ ಆಚೆ ಕಡೆಗೆ ಕಳಿಸಿದಳು, ಈ ಸಲ ಸರಿಯಾಗಿ ನೋಡು ಎಂದು ಹೇಳಿ. ಪಾಳುಮನೆಯ ಊಟದ ಹೊತ್ತಿಗೆ ಆಕೆಗೆ ತಡೆಯಲಾಗಲಿಲ್ಲ. ಇಬ್ಬರೂ ನೋಡುವುದು ಒಂದೇ ಚಿತ್ರವೋ ಅಲ್ಲವೋ ಎಂದು ಎದ್ದವಳೇ, ಮೆಹಬೂಬಬೀ "ಅಕ್ಕಾ, ಎಲ್ಲಿಗೆ?" ಎನ್ನುವುದರೊಳಗೆ ಬಗ್ಗಿ, ಪರದೆಯ ಅಡಿಯಿಂದ ನುಸುಳಿ ಆಚೆ ಎದ್ದು ನಿಂತಳು.

ಪರದೆಯ ಮೇಲೆ ದೆವ್ವ ಕೈ ಚಾಚಿತ್ತು. ಅದರ ಕಾಲ ಬುಡದಿಂದ ಬಿಳಿ ಸೀರೆಯ ಮುದುಕಿ ಎದ್ದು ಬಂದದ್ದನ್ನು ಕಂಡು ಗಂಡಸರು ಚೀರಿದ ಚೀರು ಗವಿಮಠದವರೆಗೂ ಕೇಳಿಸಿತಂತೆ. ಬೆಂಚುಗಳು ಉರುಳಿದವು, ರುಮಾಲುಗಳು ಬಿದ್ದವು. ಎಲ್ಲರಿಗಿಂತ ಮುಂದೆ ಓಡಿದವನು ಉಮಾಪತಿ. ಮರ್ದಾನಸಾಬ ಯಂತ್ರ ಬಿಟ್ಟು "ಯಾ ಅಲ್ಲಾ" ಎಂದು ನೆಲಕ್ಕೆ ಕೂತ.

ಗುರುಲಿಂಗಮ್ಮನಿಗೆ ಈ ಗದ್ದಲ ಕೇಳಿಸಲೇ ಇಲ್ಲ. ಹಿಂದಕ್ಕೆ ತಿರುಗಿ ಪರದೆ ನೋಡುತ್ತಿದ್ದಳು. ದೆವ್ವ ಚಾಚಿದ್ದು ಎಡಗೈ. ದಾರಿಹೋಕ ಉಣ್ಣುತ್ತಿದ್ದದ್ದು ಬಲಗೈ. ದೆವ್ವದ ಸೆರಗು ಎಡ ಹೆಗಲಿಗೆ ಹೋಗಿತ್ತು. ಬೆನ್ನ ಕಡೆಯಿಂದ ನೋಡಿದವರಿಗೆ ಎಡವೆಲ್ಲ ಬಲ, ಬಲವೆಲ್ಲ ಎಡ. ಇಷ್ಟು ದಿನ ದೇವರು ಎತ್ತಿದ್ದು ಬಲಗೈಯೇ! ಸಿನಿಮಾದವರು ಎಡಗೈ ಕೊಟ್ಟಿದ್ದು ದೆವ್ವಕ್ಕೆ ಮಾತ್ರ! ಮನೆಗೆ ಹೇಗೆ ಬಂದಳೋ ಆಕೆಗೇ ತಿಳಿಯದು. ಯಾರೊಂದಿಗೂ ಮಾತಾಡದೆ ಮಲಗಿಬಿಟ್ಟಳು.

ಬೆಳಿಗ್ಗೆ ಮಿಂದು ಪೂಜೆಗೆ ಕೂತಳು. ಕೊರಳ ಲಿಂಗವನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ವಿಭೂತಿ ಹಚ್ಚುತ್ತಿದ್ದಾಗ ಸೊಸೆ ನೀರಿನ ತಂಬಿಗೆ ತಂದಳು. ಬಲಗೈಯಲ್ಲಿ ತಂಬಿಗೆ ವಾಲಿ ನೀರು ತುಳುಕಿತು. ತಲೆ ಎತ್ತಿ ನೋಡಿದರೆ ವಿರೂಪಾಕ್ಷಮ್ಮನ ಎಡಗೈ ನಡುವಿಗೆ ಕಟ್ಟಿತ್ತು, ಅದೇ ಹಳೆ ಸೀರೆಯ ಅಂಚಿನಿಂದ.

"ಯಾರ ಕಟ್ಟಿದ್ರು?"

"ನಾನ ಕಟ್ಕೊಂಡೀನ್ರಿ. ಹಲ್ಲಿನಿಂದ ಎಳಕೊಂಡು. ಸಿನಿಮಾದಾಗ ಆಗಿದ್ದು ಎಲ್ಲಾ ಇವರು ಹೇಳಿದ್ರು."

"ಪರದಿ ಕಥಿ ನಿನಗ ಮೊದಲ ಗೊತ್ತಿತ್ತೇನ?"

ಸೊಸೆ ತಂಬಿಗೆ ಕೆಳಗಿಟ್ಟಳು. "ಗೊತ್ತಿತ್ರಿ ಅತ್ತಿ. ಕುಷ್ಟಗ್ಯಾಗ ಹೆಂಗಸರ್ನೂ ಮುಂದ ಕುಂದರಸ್ತಾರ್ರಿ. ಅಲ್ಲಿ ದೇವರು ಬಲಗೈಲೇ ಹರಸ್ತಿದ್ದ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಕಟ್ತಿದ್ರಲ್ರಿ. ದಿನಾ ಅಂಜತಿದ್ನಿರಿ, ಇವತ್ತು ಗೊತ್ತಾಗತೈತಿ, ನಾಳೆ ಗೊತ್ತಾಗತೈತಿ ಅಂತ. ನಿಮ್ಮ ಹೆಜ್ಜಿ ಸಪ್ಪಳಾದ್ರ ಜೀವಾ ಹೋದಂಗ ಆಗತಿತ್ತು."

ಗುರುಲಿಂಗಮ್ಮನಿಗೆ ನಿನ್ನೆ ಪರದೆಯ ಮುಂದೆಯೂ ಆಗದಷ್ಟು ಆಘಾತವಾಯಿತು. ಊರ ಗಂಡಸರು ತನ್ನನ್ನು ಕಂಡು ಬೆದರಿದ್ದು ಒಂದು ಗಳಿಗೆ. ಈ ಹುಡುಗಿ ತನ್ನದೇ ಮನೆಯಲ್ಲಿ, ತನಗೆ ರೊಟ್ಟಿ ಬಡಿಯುತ್ತ, ದಿನಾ ಬೆದರಿದ್ದಳು. ಗುರುಲಿಂಗಮ್ಮ ತಲೆ ತಗ್ಗಿಸಿದಳು. ತಗ್ಗಿಸಿದರೆ ಕಂಡದ್ದು ತನ್ನ ಅಂಗೈಯ ಲಿಂಗ. ಅದು ಕೂತಿದ್ದದ್ದು ಎಡ ಅಂಗೈಯ ಮೇಲೆ. ಬುದ್ಧಿ ಬಂದಾಗಿನಿಂದ ದಿನಾ ಅಲ್ಲೇ ಕೂರುತ್ತಿತ್ತು. ಸಿನಿಮಾದ ದೇವರನ್ನು ಕಂಡು ಬೆಚ್ಚಿದ ಮುದುಕಿ ಇದನ್ನು ಒಂದು ದಿನವೂ ಕಂಡಿರಲಿಲ್ಲ.

"ಇಲ್ಲಿ ಬಾ," ಎಂದಳು.

ಎಡಗೈಯಲ್ಲಿ ಲಿಂಗ ಹಿಡಿದುಕೊಂಡೇ ಬಲಗೈಯಿಂದ ಸೊಸೆಯ ನಡುವಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದಿತ್ತು. ಉಗುರು ಜಾರಿತು, ಮತ್ತೆ ಎಳೆದಳು, ಮತ್ತೆ ಜಾರಿತು. ಹಣೆಯ ವಿಭೂತಿ ಬೆವರಿಗೆ ಇಳಿಯಿತು.

"ಒಂದ ಕೈಲೆ ಬರೂದಿಲ್ರಿ ಅತ್ತಿ," ಎಂದಳು ವಿರೂಪಾಕ್ಷಮ್ಮ ಮೆಲ್ಲಗೆ.

ಗುರುಲಿಂಗಮ್ಮನ ಕಣ್ಣಲ್ಲಿ ನೀರು ತುಂಬಿತು. ಆದರೂ ಬಿಡಲಿಲ್ಲ. ಬಗ್ಗಿ, ಗಂಟಿಗೆ ಹಲ್ಲು ಹಾಕಿ ಎಳೆದಳು. ಗಂಟು ಬಿಚ್ಚಿತು. ಸೀರೆಯ ಅಂಚನ್ನು ಒಲೆಗೆ ಹಾಕೆಂದು ಸೊಸೆಯ ಕೈಗೇ ಕೊಟ್ಟಳು.

ಪೂಜೆ ಮುಗಿಸಿ ಗಂಗಾಳದ ಮುಂದೆ ಬಂದು ಕೂತಾಗ ಸೊಸೆ ಇನ್ನೂ ಅಂಜಿ ಬಲಗೈಯಿಂದ ರೊಟ್ಟಿ ಎತ್ತಿದಳು.

"ಆ ಕೈ ಬ್ಯಾಡ," ಎಂದಳು ಅತ್ತೆ. "ನಿನಗ ಬರೂ ಕೈಲೆ ನೀಡು."